ಇಪ್ಪತ್ತೊಂದು ಜೇಬು

ಜೂನ್ ೩

ಅಣ್ಣನಿಗೆ,

ಅಕ್ಷರ ನೋಡಿ ಗುರುತು ಸಿಕ್ಕಿತೋ ಇಲ್ಲವೋ. ಹನ್ನೊಂದು ವರ್ಷದಲ್ಲಿ ನನ್ನ ಅಕ್ಷರವೂ ದಪ್ಪಗಾಗಿದೆ, ನಾನೂ ದಪ್ಪಗಾಗಿದ್ದೇನೆ. ನಾನು ನಿನ್ನ ತಂಗಿ. ಹರಿದು ಹಾಕುವ ಹಾಗಿದ್ದರೆ ಕೊನೆಯ ತನಕ ಓದಿ ಆಮೇಲೆ ಹರಿ.

ನಿನ್ನ ಕೋಣೆಯ ಕೆಳಗೆ ಅಂಗಡಿ ಇಟ್ಟಿರುವ ಕ್ಷೌರದವರು ನನಗೆ ಕಾಗದ ಹಾಕಿದ್ದರು. ನನ್ನ ವಿಳಾಸ ನಿನ್ನ ಮೇಜಿನ ಮೇಲೆ ಸಿಕ್ಕಿತಂತೆ. ಅವರನ್ನು ಬೈಯಬೇಡ, ಪಾಪ, ಬರೆದದ್ದು ನಾಲ್ಕೇ ಸಾಲು. ನೀನು ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದೆಯಂತೆ. ಬಿ.ಪಿ. ಮಾತ್ರೆ ಎರಡು ಸಲ ನುಂಗಿದ್ದೆಯಂತೆ, ಶುಗರಿನದ್ದನ್ನು ನಾಲ್ಕು ದಿನದಿಂದ ಮುಟ್ಟಿರಲಿಲ್ಲವಂತೆ. ಮೇಲೆ ಬಂದು ನೋಡಿದರೆ ಎಲ್ಲ ಮಾತ್ರೆಗಳನ್ನೂ ಬಿಡಿಸಿ ಒಂದೇ ಬಿಸ್ಕತ್ತಿನ ಡಬ್ಬಿಗೆ ಸುರಿದಿಟ್ಟಿದ್ದೀಯಂತೆ. ಕಣ್ಣು ಮಂಜಾದವನು ಯಾವುದು ಯಾವುದೆಂದು ಹೇಗೆ ಹೇಳುತ್ತೀ? ಇನ್ನೊಂದು ಸಲ ಹೀಗಾದರೆ ನಿನ್ನನ್ನು ವೃದ್ಧಾಶ್ರಮಕ್ಕೆ ಸೇರಿಸಿ ಕೋಣೆಗೆ ಬೀಗ ಹಾಕುತ್ತೇನೆ ಅಂತ ಮನೆ ಮಾಲೀಕರು ಹೇಳಿದ್ದಾರಂತೆ.

ಆ ಕೋಣೆ ಬಿಟ್ಟು ನೀನು ಬದುಕುವವನಲ್ಲ. ಅದು ನನಗೆ ಗೊತ್ತು.

ನಾನು ಆಸ್ಪತ್ರೆಯೊಂದರ ಹೊಲಿಗೆ ವಿಭಾಗದಲ್ಲಿದ್ದೇನೆ. ನೆಲಮಾಳಿಗೆಯಲ್ಲಿ ಹತ್ತು ಮಿಷನ್ನು, ದಿನವಿಡೀ ಹಾಸಿಗೆ ಬಟ್ಟೆ, ರೋಗಿಗಳ ಅಂಗಿ. ಅಲ್ಲೇ ಮೇಲೆ ಔಷಧಿ ಕಿಟಕಿ ಇದೆ. ನಿನ್ನ ಡಾಕ್ಟರ ಚೀಟಿಗಳನ್ನೆಲ್ಲ ನನಗೆ ಕಳಿಸು, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ. ಫೋನಿನಲ್ಲಿ ಹೇಳೋಣ ಎಂದರೆ ಕಿವಿಯ ಹತ್ತಿರ ಕೂಗದಿದ್ದರೆ ನಿನಗೆ ಕೇಳುವುದಿಲ್ಲ ಎಂದು ಅವರು ಬರೆದಿದ್ದಾರೆ. ಹಾಗಾಗಿ ಕಾಗದವೇ ಗತಿ.

ಅಮ್ಮ ಹೋದ ಸುದ್ದಿಯನ್ನು ನನಗೆ ನಾಲ್ಕನೆಯ ದಿನ ಯಾಕೆ ತಿಳಿಸಿದೆ ಅಂತ ಈ ಕಾಗದದಲ್ಲಿ ಕೇಳುವುದಿಲ್ಲ. ಚೀಟಿ ಮಾತ್ರ ಕಳಿಸು.

ನಿನ್ನ ತಂಗಿ


ಜೂನ್ ೧೫

ಬಾಲಕ್ಕೆ,

ನನ್ನ ಹಿಂದೆ ಹಿಂದೆ ಅಲೆಯುತ್ತಿದ್ದವಳು ನೀನು, ಆಗ ಇಟ್ಟ ಹೆಸರು ಬಾಲ. ಬೇರೆ ಹೆಸರು ಹಿಡಿದು ಕರೆಯಲು ಕೈ ಬರಲಿಲ್ಲ.

ಚೀಟಿ ಇಟ್ಟಿದ್ದೇನೆ. ಡಾಕ್ಟರು ಮೂವರು. ಎದೆಯವರು, ಶುಗರಿನವರು, ಮಂಡಿಯವರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುವುದಿಲ್ಲ. ಮೂವರ ಅಕ್ಷರವೂ ಒಂದೇ ತರ, ಕೋಳಿ ಕೆದಕಿದ ಹಾಗೆ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಎಂಥೆಂಥವರ ಬರಹ ನೋಡಿ ಅಕ್ಷರದ ಮೊಳೆ ಜೋಡಿಸಿದೆ, ಇವರದ್ದು ಮಾತ್ರ ಓದಲಾಗಲಿಲ್ಲ.

ದಿನಕ್ಕೆ ಹನ್ನೊಂದು ಮಾತ್ರೆ. ಒಮ್ಮೆ ಎಣಿಸಿದರೆ ಹತ್ತು, ಒಮ್ಮೆ ಹನ್ನೆರಡು.

ಆಶ್ರಮಕ್ಕೆ ಹೋಗುವವನಲ್ಲ ನಾನು. ಅದಕ್ಕೇ ಬರೆಯುತ್ತಿದ್ದೇನೆ, ಬೇರೇನೂ ಅಲ್ಲ. ನೀನು ಬರುವುದು ಬೇಡ.

ಅಣ್ಣ


ಜುಲೈ ೨

ಅಣ್ಣನಿಗೆ,

ಬರುವುದು ಬೇಡ ಎಂದು ಬರೆದ ಸಾಲಿನ ಕೆಳಗೆ ಗೆರೆ ಎಳೆದಿದ್ದೀಯ. ಗೆರೆ ಇಲ್ಲದಿದ್ದರೂ ನನಗೆ ಓದಲು ಬರುತ್ತಿತ್ತು.

ಚೀಟಿಗಳನ್ನು ಔಷಧಿ ಕಿಟಕಿಯಾಕೆಗೆ ತೋರಿಸಿದೆ. ನನ್ನ ವಯಸ್ಸಿನವಳೇ, ಮುಖದಲ್ಲಿ ನಗು ಕಾಣುವುದು ಅಪರೂಪ. ಮೂರನ್ನೂ ಪಕ್ಕ ಪಕ್ಕ ಇಟ್ಟು ಬೆರಳು ಓಡಿಸಿ, "ಇಲ್ನೋಡಿ, ಹೊಟ್ಟೆಯ ಆಮ್ಲದ ಮಾತ್ರೆ ಎದೆಯವರೂ ಬರೆದಿದ್ದಾರೆ, ಮಂಡಿಯವರೂ ಬರೆದಿದ್ದಾರೆ. ಕಂಪನಿ ಬೇರೆ, ಒಳಗಿರುವುದು ಒಂದೇ" ಎಂದಳು. ನೀನು ವರ್ಷದಿಂದ ಎರಡನ್ನೂ ನುಂಗುತ್ತಿದ್ದೀಯ. ನಿನ್ನ ಎದೆಯ ಡಾಕ್ಟರ ಆಸ್ಪತ್ರೆಗೆ ಅವಳೇ ಫೋನು ಮಾಡಿ ಕೇಳಿ ಒಂದನ್ನು ಹೊಡೆದು ಹಾಕಿದಳು. ಈಗ ಹತ್ತು.

ಈ ಪೊಟ್ಟಣದಲ್ಲಿ ನಾಲ್ಕು ಬಟ್ಟೆ ಇದೆ. ಒಂದು ವಾರಕ್ಕೆ ಒಂದು. ಗೋಡೆಯ ಮೊಳೆಗೆ ನೇತು ಹಾಕು. ಅಡ್ಡಕ್ಕೆ ಏಳು ಜೇಬು, ಅವು ಏಳು ದಿನ. ಉದ್ದಕ್ಕೆ ಮೂರು ಸಾಲು. ಮೇಲಿನ ಸಾಲಿಗೆ ಗುಂಡಿ, ಅದು ಬೆಳಿಗ್ಗೆ. ನಡುವಿನದ್ದಕ್ಕೆ ಹುಕ್ಕು, ಮಧ್ಯಾಹ್ನ. ಕೆಳಗಿನದ್ದಕ್ಕೆ ಲಾಡಿ, ಸಂಜೆ. ಕಣ್ಣು ಮುಚ್ಚಿಕೊಂಡು ಬೆರಳಿನಲ್ಲೇ ಓದಬಹುದು. ಮಾತ್ರೆಗಳನ್ನು ಬಿಡಿಸಿಲ್ಲ, ಗಾಳಿ ತಾಗಿದರೆ ಕೆಡುತ್ತವಂತೆ. ಹಾಳೆಯ ಸಮೇತ ಒಂದೊಂದಾಗಿ ಕತ್ತರಿಸಿ ಇಟ್ಟಿದ್ದೇನೆ. ಚೂಪು ಮೂಲೆ ಬಾಯಿಗೆ ತಾಗದ ಹಾಗೆ ಬಿಡಿಸಿ ನುಂಗು, ಹಾಳೆ ಸಮೇತ ನುಂಗಬೇಡ. ನಗಬೇಡ, ನಮ್ಮ ಆಸ್ಪತ್ರೆಯಲ್ಲಿ ನುಂಗಿದವರಿದ್ದಾರೆ.

ಕಿಟಕಿಯಾಕೆ ಒಂದು ಮಾತು ಹೇಳಿದಳು: "ಯಾವ ಮಾತ್ರೆ ಯಾತಕ್ಕೆ ಅಂತ ದಪ್ಪಕ್ಷರದಲ್ಲಿ ಬರೆದು ಜೊತೆಗಿಡಿ. ಅವರಿಗೂ ಗೊತ್ತಿರಬೇಕು." ನಾನು ಬರೆಯಲಿಲ್ಲ. ಹೆಸರು ತಿಳಿದು ನಿನಗೇನಾಗಬೇಕು? ಎಂದಾದರೂ ಎದ್ದು ಅದನ್ನು ತೆಗಿ ಇದನ್ನು ಹಾಕು ಎಂದು ತಲೆ ಓಡಿಸುತ್ತೀ. ನೀನು ಯೋಚನೆ ಮಾಡಬೇಡ, ಯೋಚನೆ ನನಗಿರಲಿ. ಜೇಬು ತೆರೆ, ನೀರು ಕುಡಿ.

ಖಾಲಿ ಬಟ್ಟೆಗಳನ್ನು ಅಂಚೆಗೆ ಹಾಕು. ಒಗೆದು ಮತ್ತೆ ತುಂಬುತ್ತೇನೆ.

ನಿನ್ನ ತಂಗಿ


ಜುಲೈ ೨೮

ಬಾಲಕ್ಕೆ,

ಮೂರು ಖಾಲಿ ಬಟ್ಟೆ ಕಳಿಸಿದ್ದೇನೆ, ನಾಲ್ಕನೆಯದು ಗೋಡೆಯ ಮೇಲಿದೆ. ಒಂದು ಜೇಬಿನಲ್ಲೂ ಏನೂ ಉಳಿದಿಲ್ಲ, ತಡವಿ ನೋಡಿಕೋ.

ಕೆಳಗಿನವನು ಮೇಲೆ ಬಂದು ನೋಡಿ, "ಅಚ್ಚಿನಯ್ಯನವರೇ, ಇದೇನು, ಮೊಳೆ ಮನೆಯನ್ನು ಗೋಡೆಗೆ ನೇತು ಹಾಕಿದ್ದೀರಲ್ಲ" ಎಂದ. ಮೊಳೆ ಮನೆ ಎಂದರೆ ಅಕ್ಷರಕ್ಕೊಂದು ಗೂಡಿರುವ ಮರದ ತಟ್ಟೆ. ನೋಡದೆ ಕೈ ಹಾಕಿ ಎತ್ತಿಕೊಳ್ಳುತ್ತಿದ್ದೆ. ಅವನು ಹೇಳಿದ್ದು ಸುಳ್ಳಲ್ಲ. ಈಗಲೂ ಬೆರಳಿಗೆ ಕೆಲಸ ಸಿಕ್ಕಿತು.

ತಲೆ ಸುತ್ತಿಲ್ಲ. ಮಾಲೀಕರು ಒಂದು ದಿನ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿ ಹೋದರು.

ಬೆಳಿಗ್ಗೆ ಎದ್ದು ಗುಂಡಿ ಬಿಚ್ಚುವ ತನಕ ನಾನು ಯಾರೊಡನೆಯೂ ಮಾತಾಡಿರುವುದಿಲ್ಲ. ಬಿಚ್ಚಿದ ಮೇಲೂ ಮಾತಾಡುವುದಿಲ್ಲ. ಆದರೂ ಬೇರೆ ತರ ಇರುತ್ತದೆ.

ಗುಂಡಿ ಸ್ವಲ್ಪ ಸಡಿಲ ಹೊಲಿ. ಚಳಿಗೆ ಬೆರಳು ಬಗ್ಗುವುದಿಲ್ಲ.

ಅಣ್ಣ


ಆಗಸ್ಟ್ ೩೦

ಅಣ್ಣನಿಗೆ,

ಆಗಸ್ಟಿನ ಬಟ್ಟೆಯಲ್ಲೇ ಗುಂಡಿ ಸಡಿಲ ಮಾಡಿದ್ದೆ. ಸೆಪ್ಟೆಂಬರಿನದ್ದು ಬೇರೆಯಾಗಿ ಹೊರಟಿದೆ, ಈ ಕಾಗದಕ್ಕಿಂತ ಮೊದಲೇ ತಲುಪೀತು.

ಬಟ್ಟೆ ತುಂಬುವುದು ಭಾನುವಾರ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಕತ್ತರಿ ಹಿಡಿದು ಕೂತರೆ ಏಳುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ. ಒಂದು ಮಾತ್ರೆಗೆ ಒಂದು ಸಲ ದೇವರ ಹೆಸರು. ದೇವರಿಗೂ ಸಾಕಾಗಿರಬೇಕು. ನೀನು ನಂಬುವವನಲ್ಲ ಅಂತ ಗೊತ್ತು. ಮಾತ್ರೆ ನಂಬು, ಸಾಕು, ಉಳಿದದ್ದನ್ನು ನಾನು ಸೇರಿಸಿ ಇಟ್ಟಿರುತ್ತೇನೆ.

ಮನೆಯಲ್ಲಿ ಯಾರಿದ್ದಾರೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇವರು ಹೋಗಿ ಆರು ವರ್ಷವಾಯಿತು. ನಿನಗೆ ತಿಳಿಸಬೇಕೆಂದು ಕಾಗದ ಬರೆದಿದ್ದೆ, ಅಂಚೆ ಪೆಟ್ಟಿಗೆಯ ತನಕ ಹೋಗಿ ವಾಪಸು ತಂದೆ. ತಾನು ನಾಲ್ಕು ದಿನ ತಡ ಮಾಡಿದನಲ್ಲ, ಇವನಿಗೆ ಯಾಕೆ ಹೇಳಲಿ ಎಂದು ಹಟ. ಆರು ವರ್ಷ ತಡವಾಗಿ ಹೇಳುತ್ತಿದ್ದೇನೆ, ಲೆಕ್ಕದಲ್ಲಿ ನಾನೇ ಗೆದ್ದೆ.

ಒಂದು ಕೋಣೆ, ಒಂದು ಒಲೆ, ಕಿಟಕಿಯಿಂದ ಎದುರು ಕಟ್ಟಡದ ಗೋಡೆ. ಕೆಲಸದಲ್ಲಿ ಹತ್ತು ಮಿಷನ್ನಿನ ಸದ್ದು, ಮನೆಗೆ ಬಂದರೆ ಕಿವಿಯಲ್ಲಿ ಸದ್ದು ಹಾಗೇ ಇರುತ್ತದೆ, ಮನುಷ್ಯರು ಮಾತ್ರ ಇರುವುದಿಲ್ಲ. ಭಾನುವಾರ ನಿನ್ನ ಮಾತ್ರೆಗಳ ಮುಂದೆ ಕೂತಾಗ ಯಾರೋ ಒಳಗೆ ಮಲಗಿದ್ದಾರೆ, ಎಬ್ಬಿಸಬಾರದು ಎನ್ನುವ ಹಾಗೆ ಮೆಲ್ಲಗೆ ಓಡಾಡುತ್ತೇನೆ.

ಎರಡು ದಿನಕ್ಕೆ ಬಂದು ನೋಡಿ ಹೋಗಲೇ?

ನಿನ್ನ ತಂಗಿ


ಸೆಪ್ಟೆಂಬರ್ ೧೬

ಬಾಲಕ್ಕೆ,

ಭಾವ ಹೋದದ್ದು ತಿಳಿಯಲಿಲ್ಲ. ಈ ಸಾಲನ್ನು ಬರೆದು ಎರಡು ದಿನ ಕಾಗದವನ್ನು ಮೇಜಿನ ಮೇಲೆ ಬಿಟ್ಟಿದ್ದೆ. ಒಳ್ಳೆಯ ಮನುಷ್ಯ.

ಬರುವುದು ಬೇಡ. ಕಾರಣ ಕೇಳಬೇಡ.

ಎದೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿ ಹೊಸ ಮಾತ್ರೆ ಒಂದು ಕೊಟ್ಟಿದ್ದಾರೆ. ಚಿಕ್ಕದು, ದುಂಡಗಿದೆ. ಸಂಜೆಗಂತೆ. ಅವರು ಇನ್ನೂ ಏನೋ ಹೇಳಿದರು, ಅರ್ಧ ಕೇಳಿಸಿತು. ಎರಡು ಸಲ ಕೇಳಿದೆ, ಮೂರನೆಯ ಸಲ ಕೇಳಲು ನಾಚಿಕೆಯಾಯಿತು, ಹಿಂದೆ ಜನ ಕಾಯುತ್ತಿದ್ದರು. ಚೀಟಿಯನ್ನು ಅಲ್ಲೇ ಔಷಧಿ ಅಂಗಡಿಯವರು ಇಟ್ಟುಕೊಂಡರು. ಹೇಗೆ ಮಾಡಲಿ ಬರೆ. ನೀನು ಹೇಳಿದ ಹಾಗೆ.

ಅಣ್ಣ


ಸೆಪ್ಟೆಂಬರ್ ೨೪

ಅಣ್ಣನಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ತಪಾಸಣೆಯವರು ಬರುತ್ತಾರಂತೆ, ಆರುನೂರು ಅಂಗಿ ಶುಕ್ರವಾರದೊಳಗೆ ಆಗಬೇಕು. ವಿಭಾಗದ ಮೇಡಂ ನಮ್ಮ ಹಿಂದೆಯೇ ನಿಂತಿದ್ದಾರೆ. ಊಟದ ಬಿಡುವಿನಲ್ಲಿ ಬಟ್ಟೆ ರಾಶಿಯ ಮೇಲೆ ಕಾಗದ ಇಟ್ಟುಕೊಂಡು ಕೂತಿದ್ದೇನೆ.

ಡಾಕ್ಟರು ಕೊಟ್ಟ ಹೊಸ ಮಾತ್ರೆಯನ್ನು ತಪ್ಪದೆ ತಗೋ. ನನ್ನ ಜೇಬಿನದ್ದನ್ನೂ ತಪ್ಪಿಸಬೇಡ. ಎರಡೂ ಸರಿಯಾಗಿ ನಡೆಯಲಿ.

ಕಾರಣ ಕೇಳುವುದಿಲ್ಲ. ಆದರೆ ಹನ್ನೊಂದು ವರ್ಷ ಕೇಳದೇ ಇದ್ದದ್ದಾಯಿತು, ಇನ್ನೆಷ್ಟು ವರ್ಷ ಎಂದು ಒಂದು ಅಂದಾಜಾದರೂ ಹೇಳು.

ನಿನ್ನ ತಂಗಿ


ಅಕ್ಟೋಬರ್ ೧೭

ಅಕ್ಕನವರಿಗೆ, ಕೆಳಗಿನ ಕ್ಷೌರದಂಗಡಿಯವನ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ಅಚ್ಚಿನಯ್ಯನವರು ಬದುಕಿದ್ದಾರೆ, ಕೋಣೆಯಲ್ಲೇ ಇದ್ದಾರೆ, ಈಗ ಗಂಜಿ ಕುಡಿದು ಮಲಗಿದ್ದಾರೆ. ಇನ್ನು ಮುಂದಿನದ್ದನ್ನು ಕೂತು ಓದಿ.

ಅವರಿಗೆ ವಾರಕ್ಕೆರಡು ಸಲ ಗಡ್ಡ ಮಾಡುವವನು ನಾನೇ. ಆ ದಿನ ಕತ್ತಿ ಕೆನ್ನೆಗೆ ಒಂಚೂರು ತಾಗಿತು. ಇಪ್ಪತ್ತಾರು ವರ್ಷದ ಕೈ ಅಕ್ಕಾ, ಇಂಥ ಗೀರು ಎಷ್ಟೋ ನೋಡಿದ್ದೇನೆ, ಪಟಿಕ ಒತ್ತಿದರೆ ನಿಲ್ಲುತ್ತದೆ. ನಿಲ್ಲಲಿಲ್ಲ. ಒಂದು ಟವೆಲು ಒದ್ದೆಯಾಯಿತು, ಎರಡನೆಯದೂ ಆಯಿತು. "ಹಲ್ಲುಜ್ಜಿದರೂ ಹಿಂಗೇ ಕಣಯ್ಯ, ವಾರದಿಂದ" ಎಂದರು, ಯಾರದೋ ವಿಷಯ ಹೇಳಿದ ಹಾಗೆ. ತೋಳು ಸರಿಸಿ ನೋಡಿದರೆ ಉದ್ದಕ್ಕೂ ನೀಲಿ. ಗಿರಾಕಿಯನ್ನು ಅರ್ಧ ತಲೆಯಲ್ಲೇ ಬಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ರಕ್ತ ತೆಳು ಮಾಡುವ ಮಾತ್ರೆ ಜಾಸ್ತಿಯಾಗಿದೆ ಎಂದರು. ಡಾಕ್ಟರು ಹಳೆಯದನ್ನು ನಿಲ್ಲಿಸಿ ಅದರ ಬದಲಿಗೆ ಹೊಸದು ಕೊಟ್ಟಿದ್ದರಂತೆ. ಇವರು ಹೊಸದನ್ನೂ ನುಂಗಿ, ನಿಮ್ಮ ಲಾಡಿ ಜೇಬಿನ ಹಳೆಯದನ್ನೂ ನುಂಗಿದ್ದಾರೆ. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ತಲೆಯೊಳಗೆ ರಕ್ತ ಇಳಿಯುತ್ತಿತ್ತು ಎಂದು ಡಾಕ್ಟರು ನನ್ನ ಮೇಲೇ ಕೂಗಾಡಿದರು. ಆರು ದಿನ ಇಟ್ಟುಕೊಂಡರು. ಮನೆಗೆ ಬರುವ ತನಕ ನಿಮಗೆ ತಿಳಿಸಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಫೋನು ಮಾಡೋಣವೆಂದರೆ ಧೈರ್ಯ ಬರಲಿಲ್ಲ, ನೀವು ಅತ್ತರೆ ನಾನೇನು ಮಾಡಲಿ.

"ಡಾಕ್ಟರು ಬದಲು ಅಂದಿದ್ದರಲ್ಲ, ನಿಮಗೆ ತಿಳೀಲಿಲ್ವಾ?" ಎಂದು ಜೋರಾಗಿ ಕೇಳಿದೆ. ಅದಕ್ಕೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅಚ್ಚಿನ ಕೆಲಸದಲ್ಲಿ ಬರೆದು ಕೊಟ್ಟದ್ದನ್ನು ಬರೆದ ಹಾಗೇ ಜೋಡಿಸಬೇಕು ಕಣಯ್ಯ. ತಪ್ಪು ಅನ್ನಿಸಿದರೂ ನಮ್ಮ ಬುದ್ಧಿ ಓಡಿಸಬಾರದು. ತಂಗಿ ಎರಡೂ ಅಂತ ಬರೆದಿದ್ದಳು."

ಮಾಲೀಕರು ಆಶ್ರಮದ ಅರ್ಜಿ ತಂದು ಮೇಜಿನ ಮೇಲಿಟ್ಟಿದ್ದಾರೆ. ಮುಂದಿನ ತಿಂಗಳ ಕೊನೆಯ ತನಕ ಟೈಮು. ಅಚ್ಚಿನಯ್ಯನವರು ನೋಡಿದರೆ, ನೀವು ಬಂದರೂ ಬಾಗಿಲು ತೆಗೆಯುವುದಿಲ್ಲ ಎನ್ನುತ್ತಾರೆ. ಅಕ್ಕಾ, ನನಗೂ ಎರಡು ಮಾತು ಆಡುವಷ್ಟು ಸಿಟ್ಟು ಬಂತು. ಆದರೆ ಆ ಮನುಷ್ಯನ ಮೇಲೆ ಸಿಟ್ಟು ನಿಲ್ಲುವುದಿಲ್ಲ.

ಇಂತಿ ನಿಮ್ಮ ತಮ್ಮನಂಥವನು


ಅಕ್ಟೋಬರ್ ೨೩

ಅಣ್ಣನಿಗೆ,

ಆ ಸಾಲು ನಾನು ಬರೆದದ್ದು. ಆರುನೂರು ಅಂಗಿಯ ಮೇಲೆ ಕೂತು ಬರೆದದ್ದು.

ಕಿಟಕಿಯಾಕೆಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಬೈಯಲಿ ಎಂದೇ ಹೋದದ್ದು. ಅವಳು ಬೈಯಲಿಲ್ಲ. "ಪಟ್ಟಿ ಬರೆದು ಕೊಟ್ಟಿದ್ದಿರಾ?" ಎಂದು ಮಾತ್ರ ಕೇಳಿದಳು. ಇಲ್ಲ ಎಂದೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು, ಅಷ್ಟೇ. ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ನಿನಗೆ ಹೆಸರು ಗೊತ್ತಿದ್ದರೆ ನೀನೇ ಕೇಳುತ್ತಿದ್ದೆ. ಇದು ರಕ್ತದ್ದು, ಅದೂ ರಕ್ತದ್ದು, ಎರಡು ಯಾಕೆ ಅಂತ. ನಾನೇ ನಿನ್ನ ಬಾಯಿ ಕಟ್ಟಿದ್ದು. ಯೋಚನೆ ನನಗಿರಲಿ ಎಂದು ದೊಡ್ಡಸ್ತಿಕೆ ಮಾಡಿ, ಯೋಚನೆ ಮಾಡಬೇಕಾದ ದಿನ ಅಂಗಿ ಹೊಲಿಯುತ್ತಿದ್ದೆ. ದೇವರ ಮುಂದೆ ಕೂತರೆ ಬಾಯಲ್ಲಿ ಪ್ರಾರ್ಥನೆ ಬರುತ್ತಿಲ್ಲ. ಒಂದು ಮಾತ್ರೆಗೆ ಒಂದು ಸಲ ಹೆಸರು ಹೇಳಿದೆನಲ್ಲ, ಆ ಮಾತ್ರೆಗೂ ಹೇಳಿದ್ದೆ.

ಗೋಡೆಯ ಮೇಲಿರುವ ಬಟ್ಟೆಯನ್ನು ಇಳಿಸು. ಅದರಲ್ಲಿರುವುದನ್ನು ಮುಟ್ಟಬೇಡ. ಆಸ್ಪತ್ರೆಯವರು ಕೊಟ್ಟದ್ದು ಮಾತ್ರ.

ನಾನು ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ, ಮೆಟ್ಟಿಲು ನಿನ್ನದಲ್ಲ, ಮಾಲೀಕರದ್ದು.

ನಿನ್ನ ತಂಗಿ


ನವೆಂಬರ್ ೪

ಬಾಲಕ್ಕೆ,

ಬರಬೇಡ. ಈ ಸಲ ಕಾರಣ ಬರೆಯುತ್ತೇನೆ. ಓದಿದ ಮೇಲೆ ನೀನಾಗೇ ಬರುವುದಿಲ್ಲ.

ಅಮ್ಮನಿಗೆ ಎದೆಯ ಮಾತ್ರೆ ದಿನಕ್ಕೊಂದು. ಕೊಡುತ್ತಿದ್ದವನು ನಾನು. ಆ ವಾರ ಅಚ್ಚುಕೂಟದಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಕೆಲಸ, ತಲೆ ನೆಟ್ಟಗಿರಲಿಲ್ಲ. ಹೊರಡುವಾಗ ಅಂಗಿ ಹಾಕಿಕೊಳ್ಳುತ್ತ, ಕೊಟ್ಟೆನೋ ಇಲ್ಲವೋ ನೆನಪಾಗಲಿಲ್ಲ. ಅಮ್ಮನನ್ನೇ ಕೇಳಿದೆ. "ನೀನು ಕೊಟ್ಟಿದ್ರೆ ತಗೊಂಡಿರ್ತೀನಿ ಮಗಾ" ಎಂದಳು. ಇನ್ನೊಂದು ಕೊಟ್ಟೆ. ಅದರ ಹಿಂದಿನ ದಿನವೂ ಹಾಗೇ ಮಾಡಿದ್ದೆನೇನೋ, ಈಗಲೂ ಖಚಿತವಿಲ್ಲ.

ಸಂಜೆ ಬಂದಾಗ ವಾಂತಿ ಮಾಡಿಕೊಂಡು ಮಲಗಿದ್ದಳು. ಗೋಡೆಯೆಲ್ಲ ಹಳದಿ ಕಾಣುತ್ತಿದೆ, ಸುಣ್ಣ ಬದಲಾಯಿಸಿದೆಯಾ ಎಂದು ಕೇಳಿದಳು. ಮಾರನೆಯ ದಿನ ಮಧ್ಯಾಹ್ನ ಹೋದಳು. ವಯಸ್ಸಾಗಿತ್ತು ಎಂದರು ಡಾಕ್ಟರು. ನಾನು ತಲೆ ಆಡಿಸಿದೆ. ಮಾತ್ರೆಯ ಮಾತು ಎತ್ತಲಿಲ್ಲ. ಅದರಿಂದಲೇ ಹೋದಳೋ, ಹೋಗುವವಳೇ ಆಗಿದ್ದಳೋ ಇವತ್ತಿಗೂ ತಿಳಿಯದು.

ನಿನಗೆ ಮೂರು ದಿನ ಬರೆದೆ, ಬರೆದದ್ದನ್ನೆಲ್ಲ ಹರಿದೆ. ನೀನು ಬಂದರೆ ಮೊದಲು ಕೇಳುವುದು ಏನಾಯಿತು ಎಂದು. ಎಲ್ಲ ಮುಗಿದ ಮೇಲೆ ಬಂದರೆ ನೀನು ಅಷ್ಟು ಕೇಳಲಿಕ್ಕಿಲ್ಲ ಎಂದುಕೊಂಡೆ. ಆಗ ಬಂದು ನೀನು ಕೇಳಿದ್ದು ನಾಲ್ಕು ದಿನದ ಬಗ್ಗೆ. ಅದಕ್ಕೆ ಉತ್ತರ ಕೊಟ್ಟರೆ ಇದೂ ಹೊರಗೆ ಬರುತ್ತಿತ್ತು, ಅದಕ್ಕೇ ನಿನ್ನೊಡನೆ ಮಾತೇ ಬಿಟ್ಟೆ.

ಆಮೇಲೆ ನನ್ನ ಕೈಯಿಂದ ಒಂದು ಮಾತ್ರೆ ಎತ್ತಿಕೊಳ್ಳಲೂ ಭಯ. ಅದಕ್ಕೇ ಎಲ್ಲವನ್ನೂ ಒಂದು ಡಬ್ಬಿಗೆ ಸುರಿದದ್ದು, ಕೈಗೆ ಬಂದದ್ದು ಬರಲಿ ಎಂದು. ನಿನ್ನ ಜೇಬುಗಳು ಬಂದಾಗ, ಇನ್ನು ನಾನು ಏನನ್ನೂ ಆರಿಸಬೇಕಿಲ್ಲ ಎಂದು ಎಷ್ಟು ಹಗುರಾಯಿತು ಗೊತ್ತೇ. ನಿನ್ನದು ತಪ್ಪಿಲ್ಲ.

ಅರ್ಜಿ ತುಂಬಿದ್ದೇನೆ. ರುಜು ಒಂದು ಬಾಕಿ.

ಅಣ್ಣ


ನವೆಂಬರ್ ೧೩

ಅಣ್ಣನಿಗೆ,

ಒಂದು ವಾರ ಈ ಕಾಗದ ಬರೆಯಲಾಗಲಿಲ್ಲ. ದೇವರು ಕ್ಷಮಿಸುತ್ತಾನೆ ಎಂದು ಒಂದು ಸಾಲು ಬರೆದು ಮುಗಿಸಬಹುದಿತ್ತು. ದೇವರ ಪರವಾಗಿ ರುಜು ಹಾಕಲು ನಾನು ಯಾರು.

ಮೊದಲ ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಅಮ್ಮನನ್ನು ಕೊಂದೆ ಎಂದಲ್ಲ. ಅವಳ ಕೊನೆಯ ದಿನಗಳ ಮಾತು ನಿನ್ನ ಹತ್ತಿರ ಇತ್ತು, ಹನ್ನೊಂದು ವರ್ಷ ನನಗೆ ಕೊಡದೆ ಇಟ್ಟುಕೊಂಡೆಯಲ್ಲ ಅಂತ. ನೀನು ಕೊಟ್ಟಿದ್ದರೆ ತಗೊಂಡಿರ್ತೀನಿ ಎಂದಳೇ? ಅವಳು ಹಾಗೇ. ಅವಳ ದನಿ ಕೇಳಿದ ಹಾಗಾಯಿತು. ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತೆ. ತಲೆನೋವು ಎಂದು ಮೇಡಂಗೆ ಸುಳ್ಳು ಹೇಳಿದೆ.

ಮೂರನೆಯ ದಿನ ಹೊಳೆಯಿತು. ನೀನು ಅಮ್ಮನಿಗೆ ಮಾಡಿದ್ದನ್ನೇ ನಾನು ನಿನಗೆ ಮಾಡಿದೆ. ಕೆಲಸದ ಗಡಿಬಿಡಿ, ಪೂರ್ತಿ ನೋಡದೆ ಎರಡು ಕೊಟ್ಟದ್ದು. ಅಮ್ಮ ನಿನ್ನನ್ನು ನಂಬಿ ನುಂಗಿದಳು, ನೀನು ನನ್ನನ್ನು ನಂಬಿ ನುಂಗಿದೆ. ನಿನ್ನ ಕೆಳಗೆ ಕ್ಷೌರದಂಗಡಿ ಇತ್ತು, ಅವಳ ಕೆಳಗೆ ಆಗ ಇರಲಿಲ್ಲ. ಅಷ್ಟೇ ವ್ಯತ್ಯಾಸ. ನಿನ್ನನ್ನು ತೂಗಲು ನನ್ನ ಹತ್ತಿರ ತಕ್ಕಡಿ ಇಲ್ಲ.

ಹತ್ತು ದಿನ ರಜೆ ಕೇಳಿದ್ದೇನೆ. ಸಿಕ್ಕಿದೆ. ಜೇಬು ತರುವುದಿಲ್ಲ. ಕಿಟಕಿಯಾಕೆಯ ಹತ್ತಿರ ಕೂತು ದಪ್ಪಕ್ಷರದಲ್ಲಿ ಪಟ್ಟಿ ಬರೆಸಿದ್ದೇನೆ, ಅದನ್ನು ತರುತ್ತೇನೆ. ನಿನಗೆ ಹೆಸರು ಕಲಿಸಬೇಕು.

ರುಜು ಹಾಕಬೇಡ, ನಾನು ಬರುವ ತನಕ.

ನಿನ್ನ ತಂಗಿ


ನವೆಂಬರ್ ೨೯

ಹೊಲಿಗೆ ವಿಭಾಗದ ಮೇಡಂ ಅವರಿಗೆ ನಮಸ್ಕಾರಗಳು.

ನೀವು ಕೊಟ್ಟ ಹತ್ತು ದಿನದ ರಜೆ ಇವತ್ತಿಗೆ ಮುಗಿಯುತ್ತದೆ. ನಾಳೆ ನಾನು ಬರುತ್ತಿಲ್ಲ. ಯಾಕೆ ಎಂದು ನೇರವಾಗಿ ಬರೆಯುತ್ತೇನೆ, ಸುತ್ತಿ ಬಳಸಿ ಬರೆಯಲು ನನಗೆ ಬಾರದು.

ನಾನು ಬಂದ ದಿನ ಅಣ್ಣ ಬಾಗಿಲು ತೆಗೆದ. ನನ್ನ ಚೀಲ ಇಸಿದುಕೊಂಡು ಕುರ್ಚಿಯ ಮೇಲಿಟ್ಟ, ಇನ್ನೊಂದು ಕುರ್ಚಿ ಇಲ್ಲ ಎಂದು ನೆನಪಾಗಿ ಮತ್ತೆ ಎತ್ತಿ ನೆಲಕ್ಕಿಟ್ಟ. ತುಂಬ ಸಣ್ಣಗಾಗಿದ್ದಾನೆ. ಮೊದಲ ಎರಡು ದಿನ ನಾವು ಒಂದೇ ಕೋಣೆಯಲ್ಲಿ ಒಬ್ಬೊಬ್ಬರೇ ಇದ್ದೆವು. ಅವನಿಗೆ ಕೇಳದು, ನನಗೆ ಕೂಗಲು ಮನಸ್ಸಿಲ್ಲ. ಕೊನೆಗೆ ಅವನು ಒಂದು ಚೀಟಿಯಲ್ಲಿ "ಉಪ್ಪು ಎಲ್ಲಿಟ್ಟೆ" ಎಂದು ಬರೆದು ನನ್ನ ಮುಂದೆ ಸರಿಸಿದ. ಕಾಗದದಲ್ಲಿ ರೂಢಿಯಾದವರಲ್ಲವೇ, ಹಾಗೆ ಶುರುವಾಯಿತು.

ಇಲ್ಲಿಯ ಡಾಕ್ಟರ ಹತ್ತಿರ ಹೋಗಿ, ಮೂರು ಚೀಟಿಯನ್ನೂ ಒಬ್ಬರೇ ನೋಡಬೇಕು ಎಂದು ಹಟ ಹಿಡಿದು ಕೂತೆ. ಅವರೂ ಒಳ್ಳೆಯವರು, ಅರ್ಧ ಗಂಟೆ ಕೊಟ್ಟರು. ಈಗ ದಿನಕ್ಕೆ ಏಳು ಮಾತ್ರೆ. ಬೆಳಿಗ್ಗೆ ಅಣ್ಣ ಒಂದೊಂದನ್ನೇ ಅಂಗೈಯಲ್ಲಿಟ್ಟು, ಇದು ಯಾತಕ್ಕೆ ಎಂದು ಬಾಯಿಬಿಟ್ಟು ಹೇಳಿ ನುಂಗುತ್ತಾನೆ. ನಾನು ಎದುರು ಕೂತು ಪಟ್ಟಿ ಹಿಡಿದಿರುತ್ತೇನೆ. ಮೊನ್ನೆ ಒಂದು ಬಿಳಿ ಮಾತ್ರೆ ಯಾತಕ್ಕೆಂದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಹಾಳೆಯ ಮೇಲಿನ ಹೆಸರು ಅಳಿಸಿತ್ತು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮೊದಲಿನ ಹಾಗಿದ್ದರೆ ನಾನು ತಗೋ ಎನ್ನುತ್ತಿದ್ದೆ, ಅವನು ನುಂಗುತ್ತಿದ್ದ. ಮಾತ್ರೆಯನ್ನು ಕೆಳಗಿಟ್ಟು ಇಬ್ಬರೂ ಚಪ್ಪಲಿ ಮೆಟ್ಟಿ ಔಷಧಿ ಅಂಗಡಿಗೆ ನಡೆದು ಹೋಗಿ ಕೇಳಿ ಬಂದೆವು. ನುಂಗುವಾಗ ಒಂಬತ್ತೂವರೆ ಆಗಿತ್ತು. ಬೇರೆ ಯಾರಿಗಾದರೂ ಇದು ಏನೂ ಅಲ್ಲ.

ನಿನ್ನೆ ಮನೆ ಮಾಲೀಕರು ಬಂದರು. ಕ್ಷೌರದವರೂ ಕೈಯಲ್ಲಿ ಬಾಚಣಿಗೆ ಹಿಡಿದು ಹಿಂದೆ ಬಂದು ನಿಂತರು, ನ್ಯಾಯ ಹೇಳುವವರ ಹಾಗೆ. ಮಾಲೀಕರು ರುಜು ಇಲ್ಲದ ಅರ್ಜಿಯನ್ನು ನೋಡಿ, "ಯಜಮಾನರೇ, ಹೀಗೆ ಎಷ್ಟು ದಿನ? ನಿಮ್ಮ ಮಾತ್ರೆಗೆ ಯಾರು ಜವಾಬ್ದಾರಿ?" ಎಂದು ಅವನ ಕಿವಿಯ ಹತ್ತಿರ ಬಂದು ಕೂಗಿದರು. ನಾನು ಎಂದು ಹೇಳಲು ಬಾಯಿ ತೆರೆದೆ. ಅಣ್ಣ ಕೈ ಅಡ್ಡ ಮಾಡಿದ.

"ನಾನೇ" ಎಂದ. ಏಳು ಹೆಸರನ್ನೂ, ಏಳರ ಕೆಲಸವನ್ನೂ ತಡೆಯದೆ ಹೇಳಿದ, ಎಪ್ಪತ್ತು ವರ್ಷದವನು, ಪಾಠ ಒಪ್ಪಿಸುವ ಹಾಗೆ. ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಇವಳು ಸಾಕ್ಷಿ. ದಿನಾ ಇರ್ತಾಳೆ" ಎಂದ.

ಇರುತ್ತೀಯಾ ಎಂದು ನನ್ನನ್ನು ಕೇಳಿರಲಿಲ್ಲ. ಈಗಲೂ ಕೇಳಿಲ್ಲ. ಮಾಲೀಕರು ಅರ್ಜಿ ಮಡಿಸಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದರು.

ಹಾಗಾಗಿ ಮೇಡಂ, ನನ್ನ ಮಿ‌ಷನ್ನನ್ನು ಬೇರೆಯವರಿಗೆ ಕೊಡಿ.

ಇಂತಿ,
ನಿಮ್ಮ ಹೊಲಿಗೆ ವಿಭಾಗದಲ್ಲಿದ್ದವಳು